ಸೀರೆಯ ಒಳಮಗ್ಗುಲು

ಕಳೆದ ನಾಗರಪಂಚಮಿಯ ಮರುದಿನ ನೆರೆಮನೆಯ ಸೊಸೆಯು ಹೊಸ ಸೀರೆಯೊಂದನ್ನು ತೆಗೆದುಕೊಂಡು ನಮ್ಮಲ್ಲಿಗೆ ಬಂದಳು. ಕರಿಯ ಒಡಲು, ಕೆಂಪು ಸೆರಗು. ಸೆರಗಿನ ತುಂಬ ಗೋಪುರ, ತೇರು, ಆನೆ, ತುಳಸಿಕಟ್ಟೆಗಳ ಸಾಲು. "ಅತ್ತೀ, ಕೈ ಕಸೂತಿ ಅಂತ ಹೇಳಿ ಕೊಟ್ಟಾರ. ಹೆಂಗದ ನೋಡ್ರಿ" ಎಂದು ನನ್ನ ಮುಂದೆ ಹರವಿದಳು.

"ತಿರುವಿ ಹಾಕು ಮಗಳ" ಎಂದೆನು. ತಿರುವಿದಾಗ ಒಳಮಗ್ಗುಲಲ್ಲಿ ಬಿಳಿಯ ನೂಲಿನ ಸಿಕ್ಕೂ, ಯಂತ್ರದ ಹೊಲಿಗೆಗೆ ಆಧಾರವಾಗಿ ಇಟ್ಟ ಕಾಗದದ ಚೂರುಗಳೂ ಕಂಡುವು. ಪಾಪ, ಹುಡುಗಿಯ ಮುಖ ಬಾಡಿತು. ಕೊಟ್ಟ ಹಣಕ್ಕಿಂತಲೂ ಮೋಸಹೋದೆನೆಂಬುದೇ ಆಕೆಗೆ ಹೆಚ್ಚಿನ ನೋವಾಯಿತು. "ಇದನ್ನ ಕೇಳೋರು ಯಾರೂ ಇಲ್ಲೇನ್ರಿ?" ಎಂದಳು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ತಿಂಗಳ ನಾಲ್ಕು ಮಾತುಗಳನ್ನು ವಾಚಕ ಸೋದರಿಯರ ಮುಂದಿಡುತ್ತಿದ್ದೇನೆ.

ಕಸೂತಿಯೆಂಬುದು ಧಾರವಾಡದ ಸೀಮೆಯ ಹೆಣ್ಣುಮಕ್ಕಳ ವಿದ್ಯೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಅಚ್ಚು ಒತ್ತಿಕೊಳ್ಳದೆ, ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕುವುದು ಇದರ ಕ್ರಮ. ಗವಂತಿ, ಮುರಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಇವುಗಳಲ್ಲಿ ಗವಂತಿ ಮುರಗಿಗಳು ಎರಡು ಮಗ್ಗುಲಲ್ಲಿಯೂ ಒಂದೇ ತೆರನಾಗಿ ಕಾಣುವುವು. ಮಿಕ್ಕ ಎರಡರ ಹಿಂಬದಿ ಬೇರೆಯಾಗಿ ಕಂಡರೂ ಗಂಟು ಮಾತ್ರ ಎಲ್ಲಿಯೂ ಇರಲಾಗದು. ಮದುವೆಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವುದೆಂದರೆ ಹಿಂದೆ ಮನೆಮಂದಿಯ ಹೆಂಗಸರೆಲ್ಲರೂ ಕೂಡಿ ಮಾಡುತ್ತಿದ್ದ ಕೆಲಸ. ಇದನ್ನು ಕಂಡುಹಿಡಿದವಳು ಇಂಥವಳೆಂದು ಹೇಳುವಂತಿಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದುದು.

ಒಬ್ಬರದಲ್ಲದ ಸೊತ್ತನ್ನು ಕಾಯುವುದು ಹೇಗೆ? ಪುಸ್ತಕ ಬರೆದವನಿಗೂ ಯಂತ್ರ ಕಂಡುಹಿಡಿದವನಿಗೂ ಕಾಯಿದೆಯು ಬಹು ಹಿಂದೆಯೇ ಹಕ್ಕು ಕೊಟ್ಟಿತು. ಏಕೆಂದರೆ ಅಲ್ಲಿ ಹೆಸರು ಹೇಳಬಹುದಾದ ಒಡೆಯನುಂಟು. ಒಂದು ಸೀಮೆಯ ಜನರೆಲ್ಲರ ಕೈಗುಣವನ್ನು ಕಾಯಲು ಬೇರೆಯ ಕಟ್ಟಳೆಯೇ ಬೇಕಾಯಿತು. ಅದೇ ಭೌಗೋಳಿಕ ಸೂಚಕಗಳ ಕಾಯಿದೆ. ೧೯೯೯ರಲ್ಲಿ ಅಂಗೀಕೃತವಾಗಿ, ೨೦೦೩ನೆಯ ಸೆಪ್ಟೆಂಬರ್ ೧೫ರಿಂದ ಜಾರಿಗೆ ಬಂದಿತು. ಇದರ ದಾಖಲೆಯ ಕಚೇರಿಯು ಚೆನ್ನೈಯಲ್ಲಿದೆ. ಅಲ್ಲಿ ಮೊದಲು ದಾಖಲಾದುದು ದಾರ್ಜಿಲಿಂಗಿನ ಚಹಾ. ಬಳಿಕ ನಮ್ಮ ನಾಡಿನ ಮೈಸೂರು ರೇಶ್ಮೆ, ಚನ್ನಪಟ್ಟಣದ ಆಟಿಕೆ, ಬೀದರದ ಬಿದರಿ, ಇಳಕಲ್ ಸೀರೆ, ನವಲಗುಂದದ ಜಮಖಾನೆಗಳೊಡನೆ ಕಸೂತಿಯೂ ಆ ಪಟ್ಟಿಯಲ್ಲಿ ಸೇರಿತು.

ಈ ಕಾಯಿದೆಯ ಒಂದು ಕಟ್ಟಳೆಯು ನನಗೆ ಬಹಳ ಮೆಚ್ಚುಗೆಯಾದುದು. ಇಲ್ಲಿಯ ಹಕ್ಕನ್ನು ಯಾರೂ ಮಾರಲಾಗದು, ಒತ್ತೆಯಿಡಲಾಗದು, ಪರರಿಗೆ ಬರೆದುಕೊಡಲಾಗದು. ಹಕ್ಕುಳ್ಳವರು ತೀರಿಕೊಂಡರೆ ಅದು ವಾರಸುದಾರರಿಗೆ ಇಳಿಯುವುದು. ಸಾಲಗಾರನು ಮಗ್ಗವನ್ನು ಒಯ್ಯಬಹುದು, ಹೆಸರನ್ನು ಒಯ್ಯಲಾರನು. ಹೆಸರನ್ನು ಸುಳ್ಳಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆಯನ್ನೂ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದಾಗಿದೆ.

ಇದಿಷ್ಟು ಕಾಯಿದೆಯ ಹೊರಮಗ್ಗುಲು. ಸೀರೆಯನ್ನು ತಿರುವಿದಂತೆ ಇದನ್ನೂ ಒಮ್ಮೆ ತಿರುವಿ ನೋಡಬೇಕು.

ಮೊದಲನೆಯದಾಗಿ, ಈ ಕಾಯಿದೆಯು ಕಾಯುವುದು ಹೆಸರನ್ನು, ಹೊಲಿಗೆಯನ್ನಲ್ಲ. ಅದೇ ತೇರನ್ನೂ ಅದೇ ಆನೆಯನ್ನೂ ಯಂತ್ರದಿಂದ ಹಾಕಿ, ಕಸೂತಿಯೆನ್ನದೆ ಬೇರೊಂದು ಹೆಸರಿನಿಂದ ಮಾರಿದರೆ ಈ ಕಾಯಿದೆಯು ತಡೆಯಲಾರದು. ಎರಡನೆಯದು ಇದಕ್ಕಿಂತಲೂ ದೊಡ್ಡದು. ದಾಖಲೆಯಲ್ಲಿ ಕಸೂತಿಯ ಒಡೆತನವಿರುವುದು ಸರ್ಕಾರದ ಕರಕುಶಲ ನಿಗಮದ ಹೆಸರಿನಲ್ಲಿ. ಅದು ತಪ್ಪಲ್ಲ, ಮನೆಮನೆಯಲ್ಲಿ ಚದುರಿ ಕುಳಿತ ಹೆಂಗಸರ ಪರವಾಗಿ ಯಾರಾದರೂ ಅರ್ಜಿ ಹಾಕಲೇಬೇಕಾಗಿದ್ದಿತು. ಆದರೆ ಕೆಲಸ ಮಾಡುವವಳು ತಾನೂ 'ಅಧಿಕೃತ ಬಳಕೆದಾರಳು' ಎಂದು ಬೇರೆಯಾಗಿ ಹೆಸರು ಬರೆಯಿಸಿಕೊಂಡ ಹೊರತು, ಆ ಹೆಸರನ್ನು ಬಳಸುವ ಪೂರ್ಣ ಹಕ್ಕಾಗಲಿ, ಕದ್ದವರ ಮೇಲೆ ಮೊಕದ್ದಮೆ ಹೂಡುವ ಹಕ್ಕಾಗಲಿ ಆಕೆಗೆ ದೊರೆಯದು. ಅಜ್ಜಿಯ ಕಾಲದಿಂದ ಸೂಜಿ ಹಿಡಿದು ಬಂದವಳು, ದಲ್ಲಾಳಿ ಕೊಟ್ಟ ಕೂಲಿಗೆ ಕಣ್ಣು ಸವೆಸುವವಳು, ಕಾಯಿದೆಯ ಪುಸ್ತಕದಲ್ಲಿ ಹೊರಗಿನವಳಾಗಿಯೇ ಉಳಿಯುವಳು! ೨೦೨೦ರಲ್ಲಿ ಈ ದಾಖಲೆಯ ಶುಲ್ಕವನ್ನು ಐದುನೂರು ರೂಪಾಯಿಗಳಿಂದ ಹತ್ತಕ್ಕೆ ಇಳಿಸಿದರು. ಹತ್ತು ರೂಪಾಯಿ ಯಾರಿಗೂ ಭಾರವಲ್ಲ. ಭಾರವಾಗಿರುವುದು ಅರ್ಜಿಯ ಕಾಗದ, ಅದರ ಭಾಷೆ, ಇಂಥದೊಂದು ಉಂಟೆಂಬ ತಿಳಿವಳಿಕೆಯ ಅಭಾವ.

ನಮ್ಮ ಸಂವಿಧಾನದ ೨೯ನೆಯ ವಿಧಿಯು ತಮ್ಮದೇ ಆದ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಜನರಿಗೆ ಅವನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ೧೯೭೬ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ನಮ್ಮ ಪರಂಪರೆಯನ್ನು ಗೌರವಿಸಿ ಕಾಪಾಡುವುದೂ ಒಂದು. ಹಕ್ಕು ಕೆಲಸ ಮಾಡುವವರದು. ಕರ್ತವ್ಯವಾದರೋ ಉಡುವವರಾದ ನಮ್ಮದೂ ಅಹುದು.

ಆದುದರಿಂದ ಸೋದರಿಯರಲ್ಲಿ ನನ್ನ ಬಿನ್ನಹವಿಷ್ಟೆ. ಕಸೂತಿಯೆಂದು ಕೊಳ್ಳುವಾಗ ಸೀರೆಯನ್ನು ತಿರುವಿ ನೋಡಿರಿ. ಮಾಡಿದವರು ಯಾರೆಂದು ಕೇಳಿರಿ. 'ಕೈ ಕಸೂತಿ' ಎಂದು ಬರೆದ ರಸೀದಿಯನ್ನು ಪಡೆಯಿರಿ. ಮಾತು ಸುಳ್ಳಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೈಯ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿದೀತು, ಅದರ ಬೆಲೆಯನ್ನು ಜಗ್ಗಾಡಬೇಡಿರಿ. ನಿಮ್ಮ ಓಣಿಯಲ್ಲಿ ಕಸೂತಿ ಹಾಕುವವರಿದ್ದು, ನಿಮ್ಮ ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಇದ್ದರೆ, ಆ ಹತ್ತು ರೂಪಾಯಿಯ ಅರ್ಜಿಯನ್ನು ತುಂಬಿಕೊಡಲು ಒಂದು ಮಧ್ಯಾಹ್ನ ಕಳುಹಿರಿ.

ನೆರೆಮನೆಯ ಸೊಸೆಯ ರಸೀದಿಯಲ್ಲಿ, ದೈವವಶಾತ್, 'ಕೈ ಕಸೂತಿ' ಎಂದೇ ಬರೆದಿದೆ. ಸೀರೆಯನ್ನು ಮಡಿಚಿಕೊಂಡು ನಿನ್ನೆ ಅತ್ತೆಯೊಡನೆ ಅಂಗಡಿಗೆ ಹೋಗಿದ್ದಾಳೆ. ಅಲ್ಲಿ ಏನೆಂದರೆಂಬುದನ್ನು ಮುಂದಿನ ತಿಂಗಳು ತಿಳಿಸುವೆನು.