ಭೂಗತ ಯಾರಪ್ಪನ ಸ್ವತ್ತು?

ಸ್ಪೇನ್ ದೇಶಕ್ಕೆ ಸೇರಿದ ಇಬೀಜಾ ದ್ವೀಪದಲ್ಲಿ ಡಿಸಿ-10 ಅಂತ ಒಂದು ನೈಟ್‌ಕ್ಲಬ್ ಇದೆ. ಲೋಕದ ಕುಣಿಯುವ ಜನವೆಲ್ಲ ಅದನ್ನು ಅಂಡರ್‌ಗ್ರೌಂಡ್ ಕ್ಲಬ್ಬು ಅಂತ ಕರೆಯುತ್ತಾರೆ. ಭೂಗತ. ಹೆಸರು ಕೇಳಿದ ನಾವು, ಎಲ್ಲೋ ಮೆಟ್ಟಿಲಿಳಿದು ನೆಲಮಾಳಿಗೆ ಹೊಗಬೇಕೇನೋ ಅಂದುಕೊಂಡೇ ಹೋದೆವು. ಹೋಗಿ ನೋಡಿದರೆ ಅದು ಬಟಾಬಯಲಲ್ಲಿ ನೆಲದ ಮೇಲೇ ಕೂತಿದೆ. ಒಕ್ಕಲು ಮನೆಯಂಥ ಬಿಳಿ ಕಟ್ಟಡ. ಪಕ್ಕದಲ್ಲೇ ವಿಮಾನ ನಿಲ್ದಾಣ. ವಿಮಾನದ ಹೊಟ್ಟೆ ತಲೆ ಮೇಲೇ ಹಾದುಹೋಗುತ್ತದೆ. ಕ್ಲಬ್ಬಿನ ಹೆಸರೂ ಒಂದು ಜಾತಿಯ ವಿಮಾನದ್ದೇ. ಪೊಲೀಸರಿಗೆ ಗೊತ್ತು, ತೆರಿಗೆಯವರಿಗೆ ಗೊತ್ತು, ಟಿಕೀಟು ಮಾರುವವರಿಗೆ ಗೊತ್ತು. ಮುಚ್ಚಿಟ್ಟದ್ದು ಏನೂ ಇಲ್ಲ. ಹಾಗಿದ್ದರೆ ಭೂಗತ ಯಾವುದು?

ನಮ್ಮ ಕಡೆ ಅಂಡರ್‌ಗ್ರೌಂಡ್ ಅಂದರೇನು ಅಂತ ಯಾವ ಕೇರಿಯ ಮಗುವನ್ನಾದರೂ ಕೇಳಿ. ಅಂಡರ್‌ಗ್ರೌಂಡ್ ಡ್ರೈನೇಜು. ಪುರಸಭೆಯ ಕಾಗದದಲ್ಲಿ ಯುಜಿಡಿ. ಅದರ ಮುಚ್ಚಳ ತೆಗೆದು ಒಳಗೆ ಇಳಿಯುವವನು ಯಾರ ಮಗ ಅಂತ ನಾವು ಹೇಳಬೇಕಿಲ್ಲ. ಬೇಡ ಅಂತ 2013ರಲ್ಲಿ ಕಾಯಿದೆ ಬಂತು. ಇಳಿಸುವುದೂ ನಿಂತಿಲ್ಲ, ಸಾಯುವುದೂ ನಿಂತಿಲ್ಲ. ಕೋಲಾರದ ಕೆಜಿಎಫ್‌ನಲ್ಲಿ ಕೇಳಿದರೆ ಇನ್ನೊಂದು ಭೂಗತ ಹೇಳುತ್ತಾರೆ: ಮೂರು ಕಿಲೋಮೀಟರಿಗೂ ಆಳದಲ್ಲಿ, ಬೇಯುವ ಕಲ್ಲಿನ ನಡುವೆ, ದಲಿತ ಕೂಲಿಗಳು ಚಿನ್ನ ಒಡೆದ ಭೂಗತ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಧೂಳು ಅವರ ಶ್ವಾಸಕೋಶದಲ್ಲಿ ಉಳಿಯಿತು.

ಇರಲಿ. ಇಬೀಜಾದ ಮಾತು ಈಗ ಯಾಕೆ ಬಂತು ಅಂದರೆ, ನಮ್ಮ ತಮಟೆ ತಂಡದ ಹುಡುಗರಿಗೆ ಗೋವಾ ತೀರದ ಒಂದು ಕ್ಲಬ್ಬಿನಿಂದ ಕರೆ ಬಂದಿದೆ. ‘ಅಂಡರ್‌ಗ್ರೌಂಡ್ ರಾತ್ರಿ’ಯಂತೆ. ಡಿಜೆ ಜೊತೆ ಬಾರಿಸಬೇಕಂತೆ. ‘ಇಬೀಜಾದಲ್ಲಿ ಹ್ಯಾಗೆ ಮಾಡ್ತಾರೋ ಹಾಗೇ ಮಾಡ್ತೀವಿ’ ಅಂತ ಮಧ್ಯವರ್ತಿ ಹೇಳಿದನಂತೆ. ಹುಡುಗರು ಬಂದು ಕೇಳಿದರು: ನೀವು ಅಲ್ಲಿಗೆ ಹೋಗಿ ಬಂದಿದ್ದೀರಲ್ಲ, ಅಲ್ಲಿ ಹ್ಯಾಗೆ ಮಾಡ್ತಾರೆ?

ಹೌದು, ಹೋಗಿದ್ದೆವು. ಬಾರ್ಸಿಲೋನಾದಲ್ಲಿ ಓದುತ್ತಿರುವ ನಮ್ಮ ಕೇರಿಯ ಹುಡುಗನನ್ನು ನೋಡಲು ಹೋದವರು, ಅವನ ಮಾತು ಕೇಳಿ ರಾತ್ರಿಯೆಲ್ಲ ಹಡಗಿನಲ್ಲಿ ಕೂತು ದ್ವೀಪ ಮುಟ್ಟಿದೆವು. ಅಲ್ಲಿ ಕಂಡದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಕುಣಿಯುವುದೇ ತಪ್ಪು, ಪಾಶ್ಚಾತ್ಯ ಸಂಸ್ಕೃತಿ ನಮ್ಮನ್ನು ಕೆಡಿಸಿತು ಅಂತ ಬಾಯಿ ಬಡಿದುಕೊಳ್ಳುವ ಪಂಗಡಕ್ಕೆ ನಾವು ಸೇರಿದವರಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದರಲ್ಲ, ಆ ಸಂಸ್ಕೃತಿ ರಕ್ಷಕರಿಗೂ ನಮಗೂ ಹುಟ್ಟಾ ಜಗಳ. ನಮ್ಮ ಜನ ಹೆಣದ ಮುಂದೂ ಕುಣಿದವರು, ಮಾರಿಯ ಮುಂದೂ ಕುಣಿದವರು. ಕುಣಿತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ಹೋದದ್ದು ಸೋಮವಾರ. ಡಿಸಿ-10ಕ್ಕೆ ಸೋಮವಾರವೇ ದೊಡ್ಡ ದಿನ. 1999ರಲ್ಲಿ ಇಬ್ಬರು ಇಟಲಿಯವರು ಇಲ್ಲಿ ‘ಸರ್ಕೋಲೋಕೋ’ ಅನ್ನುವ ಕೂಟ ಶುರು ಮಾಡಿದರು. ಕೆಂಪು ಕೋಡಂಗಿ ಮುಖ ಅದರ ಗುರುತು. ಉಳಿದ ದೊಡ್ಡ ಕ್ಲಬ್ಬುಗಳು ರಾತ್ರಿ ಮುಗಿಸಿ ಬಾಗಿಲು ಹಾಕಿದ ಮೇಲೆ, ಸೋಮವಾರ ಬೆಳಿಗ್ಗೆ, ಕೆಲಸ ಬಿಟ್ಟ ಬಾರಿನ ಹುಡುಗರೂ ನಿದ್ದೆಗೆಟ್ಟವರೂ ಸೇರುತ್ತಿದ್ದ ಜಾಗ ಅದು. ಆಗ ಅದಕ್ಕೊಂದು ಹುಂಬತನ ಇತ್ತು, ಒಪ್ಪೋಣ. ಈಗ ಸರತಿ ಸಾಲು, ಕೈಗೆ ಪಟ್ಟಿ, ಚೀಲದ ತಪಾಸಣೆ. ಈ ದ್ವೀಪದ ಹೆಸರಾಂತ ಕ್ಲಬ್ಬುಗಳಲ್ಲಿ ಒಬ್ಬರ ಒಂದು ರಾತ್ರಿಯ ಟಿಕೀಟಿನ ಹಣದಲ್ಲಿ ನಮ್ಮೂರ ಕೂಲಿಯವಳ ಎಷ್ಟು ದಿನ ಅಡಗಿದೆ ಅಂತ ನಾವು ಸಾಲಿನಲ್ಲಿ ನಿಂತೇ ಲೆಕ್ಕ ಹಾಕಿದೆವು. ವಾರಕ್ಕಿಂತ ಹೆಚ್ಚೇ ಬಂತು. ಕುಡಿಯುವ ನೀರಿನ ಲೆಕ್ಕ ಬೇರೆ. ಲೆಕ್ಕ ಹಾಕಿಯೂ ಒಳಗೆ ಹೋದೆವು ಅನ್ನುವುದನ್ನು ಮುಚ್ಚಿಡುವುದಿಲ್ಲ. ಬೈಯುವವರು ಬೈಯಲಿ.

ಒಳಗೆ ಬಡಿತ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಬೇಕು? ನಿಮಿಷಕ್ಕೆ ನೂರಿಪ್ಪತ್ತರ ಮೇಲೆ, ಒಂದೇ ಸಮ, ಎದೆಗೂಡಿಗೇ ಬಂದು ಗುದ್ದುವ ಬಡಿತ. ಮಾತು ಬೇಡ, ಮಂತ್ರ ಬೇಡ, ತಾಳ ತಪ್ಪಿದರೆ ಬೈಯುವ ಪಂಡಿತ ಬೇಡ. ನಮ್ಮ ಕಾಲು ತಾನಾಗೇ ಎದ್ದವು. ಜಾತ್ರೆಯಲ್ಲಿ ನಮ್ಮಪ್ಪಂದಿರ ಹಲಗೆಗೆ ಏಳುತ್ತಿದ್ದ ಹಾಗೇ ಎದ್ದವು. ಆಗಲೇ ತಲೆಯೊಳಗೆ ಹುಳ ಹೊಕ್ಕಿತು: ಈ ಬಡಿತದ ಅಪ್ಪ ಯಾರು? ಅವನನ್ನು ಎಲ್ಲಿ ನಿಲ್ಲಿಸಿದ್ದಾರೆ?

ಹುಡುಕುತ್ತ ಹೋದರೆ ದಾರಿ ಅಮೆರಿಕದ ಶಿಕಾಗೊ ನಗರಕ್ಕೆ ಹೋಗುತ್ತದೆ. 1977ರಲ್ಲಿ ಅಲ್ಲಿ ‘ವೇರ್‌ಹೌಸ್’ ಅನ್ನುವ ಕ್ಲಬ್ಬು. ನ್ಯೂಯಾರ್ಕಿನಿಂದ ಬಂದ ಫ್ರಾಂಕಿ ನಕಲ್ಸ್ ಎಂಬ ಕಪ್ಪು ಯುವಕ ಅಲ್ಲಿ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದ. ಬಂದು ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪುಜನ, ಲ್ಯಾಟಿನ್ ಅಮೆರಿಕದ ಮೂಲದವರು, ಅದರಲ್ಲೂ ಗಂಡನ್ನು ಪ್ರೀತಿಸುವ ಗಂಡುಗಳು. ಬಿಳಿಯರ ಕ್ಲಬ್ಬಿನಲ್ಲಿ ಬಣ್ಣ ನೋಡಿ ತಡೆಯುತ್ತಿದ್ದರು, ಮನೆಯಲ್ಲಿ ಮರ್ಯಾದೆ ಹೋಯಿತು ಅಂತ ಹೊರಗಟ್ಟುತ್ತಿದ್ದರು. ಇವರಿಗೆ ಬೆಳಗಿನವರೆಗೆ ಮನುಷ್ಯರ ಹಾಗೆ ನಿಲ್ಲಲು ಒಂದು ಸೂರು ಬೇಕಿತ್ತು. ಆ ವೇರ್‌ಹೌಸಿನ ಬಾಲವೇ ಈವತ್ತಿನ ‘ಹೌಸ್’ ಸಂಗೀತದ ಹೆಸರು ಅಂತ ಹೇಳುತ್ತಾರೆ. ಆ ಭೂಗತ ಚಟಕ್ಕೆ ಹುಟ್ಟಿದ್ದಲ್ಲ. ನೆಲದ ಮೇಲೆ ಜಾಗ ಕೊಡದ್ದಕ್ಕೆ ಹುಟ್ಟಿದ್ದು.

ಎರಡು ವರ್ಷದ ಮೇಲೆ, 1979ರ ಜುಲೈ 12ರಂದು, ಅದೇ ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ರೇಡಿಯೋದವನು ‘ಡಿಸ್ಕೋ ನಾಶ’ದ ರಾತ್ರಿ ನಡೆಸಿದ. ಪ್ಲೇಟು ತಂದುಕೊಟ್ಟವರಿಗೆ ಅಗ್ಗದ ಟಿಕೀಟು. ಸುಮಾರು ಐವತ್ತು ಸಾವಿರ ಜನ ಸೇರಿದರು. ತಂದ ಪ್ಲೇಟುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಉಡಾಯಿಸಿದರು. ಆ ದಿನ ಮೈದಾನದಲ್ಲಿ ಕೂಲಿಗಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಮುಂದೆ ಹೇಳಿದ: ಅವರು ತಂದದ್ದೆಲ್ಲ ಡಿಸ್ಕೋ ಅಲ್ಲ, ಕಪ್ಪುಜನ ಹಾಡಿದ ಬೇರೆ ಪ್ಲೇಟುಗಳೂ ಇದ್ದವು. ಆ ಹುಡುಗ ಕೂಲಿಗೆ ನಿಂತಿದ್ದು ಸಿಂಥಸೈಜರ್ ಕೊಳ್ಳಲು ಕಾಸು ಕೂಡಿಸುವುದಕ್ಕೆ. 1984ರಲ್ಲಿ ಹೊರಬಂದ, ಮೊದಲ ಹೌಸ್ ಪ್ಲೇಟು ಅಂತ ಅನೇಕರು ಎಣಿಸುವ ಹಾಡಿನಲ್ಲಿ ಅವನ ಕೈ ಇದೆ. ಸುಟ್ಟವರ ಹೊಗೆಯಲ್ಲೇ ನಿಂತು ದುಡ್ಡು ಕೂಡಿಸಿ ಮತ್ತೆ ಬಡಿದ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿ ದಲಿತ ಪ್ಯಾಂಥರ್ಸ್ ಅಂತ ಸುಮ್ಮನೆ ಹೆಸರಿಟ್ಟುಕೊಂಡರೆ?

ಆ ಬಡಿತ ಕಡಲು ದಾಟಿ ಇಬೀಜಾಕ್ಕೆ ಬಂದಾಗ ಅಲ್ಲಿ ಅದನ್ನು ಬಾರಿಸಿದವನೂ ಒಬ್ಬ ನಿರಾಶ್ರಿತನೇ. ಅರ್ಜೆಂಟೀನಾದಲ್ಲಿ ಮಿಲಿಟರಿ ದಂಗೆಯಾದ 1976ರಲ್ಲಿ ದೇಶ ಬಿಟ್ಟು ಬಂದ ಆಲ್ಫ್ರೆಡೊ ಫಿಯೊರಿಟೊ. ಆಮ್ನೇಷಿಯಾ ಎಂಬ ಕ್ಲಬ್ಬಿನಲ್ಲಿ ಅವನು ಕೈಗೆ ಸಿಕ್ಕಿದ ಸಂಗೀತವನ್ನೆಲ್ಲ ಬೆರೆಸಿ ಹಾಕುತ್ತಿದ್ದ. 1987ರ ಬೇಸಿಗೆಯಲ್ಲಿ ಲಂಡನ್ನಿನಿಂದ ನಾಲ್ವರು ಹುಡುಗರು ರಜಕ್ಕೆ ಬಂದು ಕೇಳಿದರು. ಊರಿಗೆ ಹೋಗಿ ಅದನ್ನೇ ಶುರು ಮಾಡಿದರು. ಆಮೇಲೆ ಇಂಗ್ಲೆಂಡಿನ ಬಯಲುಗಳಲ್ಲಿ ಸಾವಿರಗಟ್ಟಲೆ ಬಡಹುಡುಗರು ಬಿಟ್ಟಿಯಾಗಿ ಕುಣಿಯತೊಡಗಿದಾಗ ಸರಕಾರಕ್ಕೆ ನಡುಕ ಬಂತು. 1994ರಲ್ಲಿ ಕಾಯಿದೆ ಮಾಡಿದರು; ಅದರಲ್ಲಿ ಒಂದರ ಮೇಲೊಂದು ಮರುಕಳಿಸುವ ಬಡಿತ ಅಂತ ಸಂಗೀತಕ್ಕೇ ವ್ಯಾಖ್ಯೆ ಬರೆದು, ಬಯಲಿನಲ್ಲಿ ಕೂಡುವುದನ್ನು ಚದುರಿಸುವ ಅಧಿಕಾರ ಪೊಲೀಸರಿಗೆ ಕೊಟ್ಟರು. ಬಯಲಿನಲ್ಲಿ ಕುಣಿದರೆ ಅಪರಾಧ. ಗೋಡೆ ಕಟ್ಟಿ, ಲೈಸೆನ್ಸು ಪಡೆದು, ಟಿಕೀಟು ಹರಿದರೆ ಉದ್ಯಮ!

ಉದ್ಯಮ ಎಷ್ಟು ದೊಡ್ಡದು ಅಂದರೆ, ಇಬೀಜಾದಲ್ಲಿ 1973ರಲ್ಲಿ ಶುರುವಾದ ಪಾಚಾ ಎಂಬ ಕ್ಲಬ್ಬಿನ ಕಂಪನಿಯನ್ನು 2017ರಲ್ಲಿ ಒಂದು ಹೂಡಿಕೆ ಸಂಸ್ಥೆ ಕೊಂಡಿತು, 2023ರಲ್ಲಿ ದುಬೈನ ಹೋಟೆಲು ಧಣಿಗಳು ಕೊಂಡರು. ಎಮ್ಮೆ ಸಂತೆಯಲ್ಲಿ ಕೈ ಬದಲಾದ ಹಾಗೆ. ಭೂಗತ ಅನ್ನಿಸಿಕೊಂಡ ಸರ್ಕೋಲೋಕೋ ಕೂಡ 2021ರಲ್ಲಿ ಅಮೆರಿಕದ ವಿಡಿಯೋ ಆಟದ ಕಂಪನಿ ರಾಕ್‌ಸ್ಟಾರ್ ಗೇಮ್ಸ್ ಜೊತೆ ಸೇರಿ ಹಾಡಿನ ಕಂಪನಿ ತೆಗೆಯಿತು. ಅವರ ವ್ಯಾಪಾರ ಅವರದು, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ವ್ಯಾಪಾರಕ್ಕೆ ಹೊಸ ಹೆಸರು ಇಟ್ಟುಕೊಳ್ಳಿ ಮಾರಾಯರೆ. ನೆಲದಡಿಗೆ ತಳ್ಳಿಸಿಕೊಂಡವರ ಹೆಸರನ್ನು ಯಾಕೆ ಬಳಸುತ್ತೀರಿ?

ಬೆಳಗಿನ ಜಾವ ಹೊರಗೆ ಬಂದೆವು. ಹತ್ತಿರದಲ್ಲೇ ಉಪ್ಪಿನ ಗದ್ದೆಗಳು. ಫಿನೀಷಿಯನ್ನರ ಕಾಲದಿಂದ, ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನಿಂದ ಉಪ್ಪು ಬೆಳೆದ ನೆಲ. ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೊಲಂಬಿಯಾದವಳು. ಹೋಟೆಲುಗಳಲ್ಲಿ ಕೋಣೆ, ಕಕ್ಕಸು ತೊಳೆಯುವ ಕೆಲಸ. ಮನೆ ಎಲ್ಲಿ ಅಂತ ನಮ್ಮ ಹುಡುಗ ಅವಳ ಭಾಷೆಯಲ್ಲಿ ಕೇಳಿದ. ಅವಳು ರಸ್ತೆ ಬದಿಯ ಒಂದು ಹಳೇ ವ್ಯಾನಿನ ಕಡೆ ಬೆರಳು ತೋರಿಸಿದಳು. ನಾವು ತಮಾಷೆ ಅಂದುಕೊಂಡು ನಕ್ಕೆವು. ಅವಳು ನಗಲಿಲ್ಲ.

ದ್ವೀಪದ ಜನ ಒಂದೂವರೆ ಲಕ್ಷದ ಆಚೀಚೆ. ವರ್ಷಕ್ಕೆ ಬರುವ ಪ್ರವಾಸಿಗರು ಮೂವತ್ತು ಲಕ್ಷಕ್ಕೂ ಮೇಲು. ಇದ್ದಬದ್ದ ಮನೆಯೆಲ್ಲ ಅವರಿಗೆ ಬಾಡಿಗೆ ಹೋದರೆ ದುಡಿಯುವವರಿಗೆ ಉಳಿಯುವುದು ವ್ಯಾನು, ಡೇರೆ. 2024ರ ಜುಲೈ 31ರಂದು ಕಾನ್ ರೋವಾ ಎಂಬಲ್ಲಿ ಡೇರೆ, ಗುಡಿಸಲು ಹಾಕಿಕೊಂಡಿದ್ದ ಸುಮಾರು 200 ಜನರನ್ನು ಎಬ್ಬಿಸಿದರು. ಕೆಲಸ ಇದ್ದವರನ್ನೇ! ಹಳ್ಳಿ ಮೇಷ್ಟ್ರುಗಳು ಈ ಪುಟ ಓದುತ್ತಿದ್ದೀರಿ, ನಿಮಗಾಗಿ ಇನ್ನೊಂದು: ಮನೆ ಸಿಗದೆ ಪಕ್ಕದ ಮಯೋರ್ಕಾ ದ್ವೀಪದಿಂದ ವಿಮಾನದಲ್ಲಿ ಬಂದು ಪಾಠ ಹೇಳಿ ಹಿಂದಿರುಗುವ ಮೇಷ್ಟ್ರುಗಳ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲೇ ಬಂದಿದೆ. ಕಡಲ ತೀರದಲ್ಲಿ ಕಪ್ಪು ಕನ್ನಡಕ, ಟೋಪಿ ಮಾರುತ್ತ ಬಿಸಿಲಲ್ಲಿ ಅಲೆಯುವವರು ಆಫ್ರಿಕಾದ ಸೆನೆಗಲ್‌ನಿಂದ ಬಂದವರು. ಪೊಲೀಸು ಕಂಡರೆ ಗಂಟು ಕಟ್ಟಿ ಓಡುತ್ತಾರೆ. ಬಡಿತ ಆಫ್ರಿಕಾದವರ ಮಕ್ಕಳದು, ಒಳಗೆ ಬೇಕು. ಆಫ್ರಿಕಾದವನ ಮೈ ಹೊರಗೆ ಓಡುತ್ತಿರಬೇಕು.

ನಮಗೆ ಆ ಓಟ ಹೊಸದೇನಲ್ಲ. ಎಪ್ಪತ್ತರ ದಶಕದ ಹಿಪ್ಪಿಗಳು ಬೇಸಿಗೆಗೆ ಇಬೀಜಾ, ಚಳಿಗಾಲಕ್ಕೆ ಗೋವಾ ಅಂತ ಓಡಾಡುತ್ತಿದ್ದರು. ಅಂಜುನಾದ ಬೆಳದಿಂಗಳ ಕುಣಿತ ಆ ದಾರಿಯಲ್ಲೇ ಬೆಳೆಯಿತು. ಅದೇ ಅಂಜುನಾದ ಮರಳಿನಲ್ಲಿ ಮಣಿಸರ, ಕನ್ನಡಿ ಬಟ್ಟೆ ಹೊತ್ತು ಅಲೆಯುವ ಲಂಬಾಣಿ ಹೆಂಗಸರು ವಿಜಾಪುರ, ಗದಗ ಸೀಮೆಯ ತಾಂಡಾಗಳವರು. ಗೋವಾದ ಬೈನಾ ತೀರದಲ್ಲಿ ಕನ್ನಡದ ಕೂಲಿಗಳ ಮನೆಗಳನ್ನು 2004ರಲ್ಲಿ ಕೆಡವಿದರು, 2017ರಲ್ಲಿ ಮತ್ತೆ ಕೆಡವಿದರು. ಕಾನ್ ರೋವಾ ಓದಿದಾಗ ನಮಗೆ ಮೊದಲು ನೆನಪಾದದ್ದು ಬೈನಾ.

ಇನ್ನೊಂದು ರಾತ್ರಿಯ ಮಾತು ಹೇಳದೆ ಹುಡುಗರಿಗೆ ಉತ್ತರ ಕೊಡಲಾರೆವು. 2025ರ ಡಿಸೆಂಬರ್ 6. ಬೆಳಿಗ್ಗೆ ನಾವು ಬಾಬಾಸಾಹೇಬರ ಪಟಕ್ಕೆ ಹೂ ಇಟ್ಟಿದ್ದೆವು. ನಡುರಾತ್ರಿ ಗೋವಾದ ಆರ್ಪೋರಾದಲ್ಲಿ ಒಂದು ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. 25 ಜನ ಸತ್ತರು. ಬಹುಪಾಲು ಅಲ್ಲಿನ ಕೆಲಸಗಾರರು. ಜಾರ್ಖಂಡ್, ಅಸ್ಸಾಂ, ಉತ್ತರಾಖಂಡ, ನೇಪಾಳದಿಂದ ಹೊಟ್ಟೆಪಾಡಿಗೆ ಬಂದವರು. ಮೇಲೆ ಕುಣಿತ, ಕೆಳಗೆ ನೆಲಮಾಳಿಗೆಯಲ್ಲಿ ಅಡಿಗೆಮನೆ. ಹೊಗೆ ತುಂಬಿದಾಗ ಕೆಳಗಿದ್ದವರಿಗೆ ಮೇಲೆ ಬರಲು ದಾರಿ ಇರಲಿಲ್ಲ, ಉಸಿರು ಕಟ್ಟಿ ಸತ್ತರು. ಬೆಳಗಾಗುವ ಹೊತ್ತಿಗೆ ಮಾಲೀಕರು ವಿಮಾನ ಹತ್ತಿದ್ದರು. ಹೋಗಿದ್ದು ಥಾಯ್ಲೆಂಡಿನ ಫುಕೆಟ್‌ಗೆ, ಅದೂ ಮೋಜಿನ ದ್ವೀಪವೇ. ಆಮೇಲೆ ಹಿಡಿದು ತಂದರು ಅನ್ನಿ. ಇಬೀಜಾದಲ್ಲಿ ನಾವು ಮೆಟ್ಟಿಲಿಳಿದು ಹುಡುಕಿದ ನೆಲಮಾಳಿಗೆ ಇಲ್ಲಿತ್ತು.

ಹಾಗಂತ ಹುಡುಗರಿಗೆ ‘ಹೋಗಬೇಡಿ’ ಅಂತ ನಾವು ಹೇಳಿಲ್ಲ. ಚಳವಳಿಯ ಮೊದಲ ದಿನಗಳಲ್ಲಿ ತಮಟೆ ಬಿಸಾಕಿ ಅಂತ ಕೆಲವರು, ಬಿಟ್ಟಿ ಬಡಿಯೋದು ನಿಲ್ಲಿಸಿ, ನಮಗೋಸ್ಕರ ಬಡಿಯೋಣ ಅಂತ ಕೆಲವರು, ಕೇರಿಗಳಲ್ಲಿ ರಾತ್ರಿಯೆಲ್ಲ ಜಗಳ ಆಡಿದ್ದೇವೆ. ಆ ಜಗಳ ಇನ್ನೂ ತೀರಿಲ್ಲ. ಊರಗೌಡನ ಹೆಣದ ಮುಂದೆ ಒಂದು ಸೇರು ರಾಗಿಗೆ ಬಡಿಯುವುದಕ್ಕಿಂತ ಕ್ಲಬ್ಬಿನ ಕಾಸೇ ಮೇಲು ಅಂತ ಹುಡುಗರು ವಾದ ಮಾಡುತ್ತಾರೆ. ಆ ವಾದವನ್ನು ನಾವು ತಳ್ಳಿಹಾಕಲಾರೆವು. ಹೊಟ್ಟೆ ಅವರದು, ತಮಟೆಯೂ ಅವರದು.

ಕಳೆದ ಭಾನುವಾರ ಕೂತು ಮಧ್ಯವರ್ತಿಗೆ ಕಾಗದ ಬರೆದರು. ದರ ಡಿಜೆಗೆಷ್ಟು, ನಮಗೆಷ್ಟು. ಚೀಟಿಯಲ್ಲಿ ಅವನ ಹೆಸರಿನ ಪಕ್ಕ ನಮ್ಮೂರಿನ ಹೆಸರು, ನಮ್ಮ ಹೆಸರು ಹಾಕುತ್ತೀರೋ, ಇಲ್ಲ ‘ಜಾನಪದ ತಮಟೆ’ ಅಂತ ಹಾಕುತ್ತೀರೋ. ಬರುವುದು ಮುಂಬಾಗಿಲಲ್ಲೋ ಹಿಂಬಾಗಿಲಲ್ಲೋ. ಊಟ ಎಲ್ಲಿ ಬಡಿಸುತ್ತೀರಿ. ನೆಲಮಾಳಿಗೆ ಇದ್ದರೆ ಅದಕ್ಕೆ ಬಾಗಿಲು ಎಷ್ಟು. ಎಲ್ಲ ಬರೆದಾದ ಮೇಲೆ ತಂಡದ ಸಣ್ಣ ಹುಡುಗ, ಒಂಬತ್ತನೇ ಕ್ಲಾಸಿನವನು, ಇನ್ನೊಂದು ಕೇಳಿದ: ‘ಅಲ್ಲಣ್ಣ, ತಮಟೆ ಕಾಯಿಸಕ್ಕೆ ಬೆಂಕಿ ಎಲ್ಲಿ ಹಾಕದು?’ ಅದನ್ನೂ ಸೇರಿಸಿದರು. ಉತ್ತರ ಇನ್ನೂ ಬಂದಿಲ್ಲ.