ಕಾರಿಡಾರಿನ ಒಂದು ಗೋಡೆ ನಮಗೆ ಕೊಡಿ

ಪಿಯುಸಿಗೆ ಬಂದ ಮೇಲೆ ಚಿತ್ರ ಬಿಡಿಸುವುದನ್ನು ಬಿಟ್ಟವರು ನಮ್ಮ ತರಗತಿಯಲ್ಲಿ ಎಷ್ಟು ಜನ ಎಂದು ಎಣಿಸಹೊರಟರೆ ಎರಡು ಕೈಯ ಬೆರಳು ಸಾಲುವುದಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಸರ್ ಇದ್ದರು. ವಾರಕ್ಕೊಂದಾದರೂ ಪೀರಿಯಡ್ ಸಿಗುತ್ತಿತ್ತು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿದ್ದವು; ಅವನ್ನು ಪಾಸು ಮಾಡಿದ ಸರ್ಟಿಫಿಕೇಟು ನಮ್ಮಲ್ಲಿ ಹಲವರ ಮನೆಯ ಟ್ರಂಕಿನಲ್ಲಿದೆ. ಪಿಯುಗೆ ಅಡ್ಮಿಷನ್ ಆದ ದಿನ ಅದೆಲ್ಲ ಮುಗಿಯಿತು. ಸೈನ್ಸ್‌ನವರಿಗೆ ನೀಟ್, ಸಿಇಟಿ. ಕಾಮರ್ಸ್‌ನವರಿಗೆ ಅಕೌಂಟೆನ್ಸಿ. ಇನ್ನು ಕಲಾ ವಿಭಾಗದಲ್ಲಿ ಕಲೆ ಇರುವುದು ಹೆಸರಿನಲ್ಲಿ ಮಾತ್ರ, ಪಾಠವೆಲ್ಲ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ.

ಡ್ರಾಯಿಂಗ್ ಉಪನ್ಯಾಸಕರನ್ನು ನೇಮಿಸಿ ಎಂದು ನಾನು ಕೇಳುತ್ತಿಲ್ಲ. ಅದು ಆಡಳಿತ ಮಂಡಳಿ, ಇಲಾಖೆಗಳ ಮಟ್ಟದ ಮಾತು. ಅದು ಆಗುವ ಹೊತ್ತಿಗೆ ನಾವು ಡಿಗ್ರಿ ಮುಗಿಸಿರುತ್ತೇವೆ. ನಾನು ಕೇಳುತ್ತಿರುವುದು ಒಂದು ಗೋಡೆ. ವರ್ಷವಿಡೀ ಇರುವ, ತಿಂಗಳಿಗೊಮ್ಮೆ ಬದಲಾಗುವ, ವಿದ್ಯಾರ್ಥಿಗಳೇ ನೋಡಿಕೊಳ್ಳುವ ಒಂದು ಗೋಡೆ.

ಈಗ ನಮ್ಮ ಗೋಡೆಗಳ ಮೇಲೆ ಏನಿದೆ ಎಂದು ನೋಡಿ. ಗೇಟಿನಿಂದ ಆಫೀಸಿನವರೆಗೆ ಕಳೆದ ವರ್ಷದ ಟಾಪರ್‌ಗಳ ಫ್ಲೆಕ್ಸ್. ಪಾಸ್‌ಪೋರ್ಟ್ ಫೋಟೊ, ಕೆಳಗೆ ಶೇಕಡಾವಾರು ಅಂಕ. ಅವರ ಮೇಲೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದೆ ಅನ್ನಿ). ಆದರೆ ಆ ಫ್ಲೆಕ್ಸ್ ನೋಡಿದವರಿಗೆ ತಿಳಿಯುವುದು ಅವರಿಗೆ ಎಷ್ಟು ಅಂಕ ಬಂತು ಎನ್ನುವುದು ಮಾತ್ರ. ಅವರು ಏನು ಮಾಡಬಲ್ಲರು, ಅವರ ಕೈಯಲ್ಲಿ ಏನಿದೆ, ಅದು ತಿಳಿಯುವುದಿಲ್ಲ.

ಚಿತ್ರಕಲೆಗೆ ನಮ್ಮಲ್ಲಿ ಜಾಗವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ವರ್ಷಕ್ಕೊಂದು ದಿನ ಪ್ರದರ್ಶನವಿರುತ್ತದೆ. ಬೆಳಿಗ್ಗೆ ಸೆಲ್ಲೋಟೇಪ್ ಹಚ್ಚಿ ಚಾರ್ಟುಗಳನ್ನು ಅಂಟಿಸುತ್ತೇವೆ. ಅತಿಥಿಗಳು ಬಂದು ರಿಬ್ಬನ್ ಕತ್ತರಿಸಿ, ಹತ್ತು ನಿಮಿಷದಲ್ಲಿ ಮೂರು ಕೋಣೆ ಸುತ್ತಿ, ಚಹಾಕ್ಕೆ ಹೋಗುತ್ತಾರೆ. ಸಂಜೆ ಚಾರ್ಟುಗಳನ್ನು ಕಿತ್ತು ಸುರುಳಿ ಮಾಡಿದರೆ ಅವು ಮುರಿದ ಬೆಂಚುಗಳ ಕೋಣೆ ಸೇರುತ್ತವೆ. ಅಲ್ಲಿಂದ ರದ್ದಿಗೆ. ವಿಷಯವೂ ಮೊದಲೇ ಗೊತ್ತಾದದ್ದು: ನೀರು ಉಳಿಸಿ, ಮರ ಬೆಳೆಸಿ. ಕಣ್ಣೀರು ಸುರಿಸುವ ಭೂಮಿಯ ಚಿತ್ರವನ್ನು ನಾವೆಲ್ಲ ಐದನೇ ತರಗತಿಯಿಂದ ಬಿಡಿಸುತ್ತ ಬಂದಿದ್ದೇವೆ. ಪಾಪ, ಆ ಭೂಮಿಗೂ ಸಾಕಾಗಿರಬೇಕು. ಬಹುಮಾನ ಮೂರು ಜನರಿಗೆ. ಉಳಿದವರಿಗೆ ತಮ್ಮ ಚಿತ್ರದಲ್ಲಿ ಏನು ಕಡಿಮೆಯಾಯಿತು ಎಂದು ಹೇಳುವವರಿಲ್ಲ.

ಆದರೆ ನಮ್ಮ ಕಾಲೇಜಿನ ಒಳ್ಳೆಯ ಚಿತ್ರಗಳು ಆ ಚಾರ್ಟುಗಳಲ್ಲಿಲ್ಲ, ಬಯಾಲಜಿ ರೆಕಾರ್ಡುಗಳಲ್ಲಿವೆ. ಈರುಳ್ಳಿ ಬೇರಿನ ತುದಿಯ ಮೈಟಾಸಿಸ್ ಹಂತಗಳನ್ನು ನಮ್ಮ ಸೆಕ್ಷನ್ನಿನ ಒಬ್ಬ ಹುಡುಗಿ ಎಚ್‌ಬಿ ಪೆನ್ಸಿಲ್ ಒಂದರಲ್ಲೇ ಬಿಡಿಸಿದ್ದಾಳೆ. ಒಂದೊಂದು ಕೋಶದ ಗೆರೆಯೂ ಒಂದೇ ದಪ್ಪ, ಎಲ್ಲೂ ಅಳಿಸಿದ ಗುರುತಿಲ್ಲ. ಅದನ್ನು ನೋಡಿದವರು ಇಬ್ಬರು: ಸಹಿ ಹಾಕಿದ ಮೇಡಂ ಮತ್ತು ಪಕ್ಕದಲ್ಲಿ ಕೂತ ನಾನು. ಪ್ರಾಕ್ಟಿಕಲ್ ಪರೀಕ್ಷೆ ಮುಗಿದರೆ ಅದೂ ಕೆ.ಜಿ. ಲೆಕ್ಕದಲ್ಲಿ ತೂಗುತ್ತದೆ. ಇನ್ನು ನೋಟ್‌ಬುಕ್‌ಗಳ ಕೊನೆಯ ಪುಟಗಳಿವೆ, ಉಪನ್ಯಾಸಕರು ನೋಡಬಾರದೆಂದು ನಾವು ಮುಚ್ಚಿಡುವ ಪುಟಗಳು. ರಂಜಾನ್ ಹಬ್ಬದ ಹಿಂದಿನ ರಾತ್ರಿ ಓಣಿಯ ಹುಡುಗಿಯರಿಗೆಲ್ಲ ಮೆಹಂದಿ ಹಚ್ಚುವವರಿದ್ದಾರೆ. ಹತ್ತು ದಿನದಲ್ಲಿ ಅಳಿಸಿಹೋಗುವ ಆ ನಮೂನೆಗಳನ್ನು ಅವರು ಮೊದಲು ಹಾಳೆಯ ಮೇಲೆ ಬಿಡಿಸಿ ನೋಡಿಕೊಂಡಿರುತ್ತಾರೆ. ಆ ಹಾಳೆಗಳು ಎಲ್ಲಿವೆ?

ಬೀದರಿನಲ್ಲಿ ಓದುತ್ತಾ ಈ ಪ್ರಶ್ನೆ ಕೇಳಬೇಕಾಗಿ ಬಂದದ್ದು ವಿಚಿತ್ರ. ನಮ್ಮೂರಿನ ಹಳೆಯ ಕಾಲೇಜು ಮಹಮೂದ್ ಗಾವಾನ್ ಮದರಸಾ. ಇರಾನಿನ ಗೀಲಾನ್ ಪ್ರದೇಶದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗಾವಾನ್ ಅದನ್ನು ಕಟ್ಟಿಸಿ ಮುಗಿಸಿದ್ದು 1472ರಲ್ಲಿ. ಅದು ಓದುವವರಿಗಾಗಿ ಕಟ್ಟಿದ ಕಟ್ಟಡ. ಕಲಿಸುವವರೂ ಕಲಿಯುವವರೂ ಅಲ್ಲೇ ಇರುತ್ತಿದ್ದರು. ಆದರೂ ಅದರ ಮುಂಭಾಗವನ್ನು ಬರೀ ಕಲ್ಲಾಗಿ ಬಿಡಲಿಲ್ಲ. ನೀಲಿ, ಬಿಳಿ, ಹಸಿರು, ಹಳದಿ ಬಣ್ಣದ ಹೊಳಪಿನ ಹೆಂಚುಗಳನ್ನು ಕೂಡಿಸಿದರು, ಆಯತ್‌ಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದರು, ಮಿನಾರಿಗೆ ಅಂಕುಡೊಂಕು ಪಟ್ಟೆಗಳನ್ನು ಸುತ್ತಿದರು. 1696ರಲ್ಲಿ ಅಲ್ಲಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಹೋಯಿತು, ಎರಡು ಮಿನಾರುಗಳಲ್ಲಿ ಒಂದು ಹೋಯಿತು. ಉಳಿದಷ್ಟನ್ನು ನೋಡಲೂ ಇವತ್ತು ದೂರದೂರದಿಂದ ಜನ ಬರುತ್ತಾರೆ. ಓದುವ ಜಾಗದಲ್ಲಿ ಕಣ್ಣಿಗೂ ಕೆಲಸವಿರಬೇಕು ಎಂದು ಅವರಿಗೆ ಅನಿಸಿತ್ತು, ಅದನ್ನು ಒಳಗಿನ ಕೋಣೆಯಲ್ಲಿ ಅಲ್ಲ, ಬೀದಿಗೆ ಕಾಣುವ ಗೋಡೆಯ ಮೇಲೆ ಮಾಡಿ ತೋರಿಸಿದರು.

ಇನ್ನು ಬಿದ್ರಿ. ನಮ್ಮ ಸಹಪಾಠಿಗಳಲ್ಲಿ ಕೆಲವರ ಮನೆಯಲ್ಲಿ ಇವತ್ತಿಗೂ ಉಳಿಯ ಸದ್ದು ಕೇಳುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಸಲಾಕೆಯಿಂದ ನಕಾಶೆ ಬಿಡಿಸುವುದು ಮುಂದಿನ ಹೆಜ್ಜೆ. ಸ್ಕೇಲ್ ಇಲ್ಲ, ಅಚ್ಚು ಇಲ್ಲ, ಬರೀ ಕೈ. ಹೂಜಿಯ ಉಬ್ಬಿದ ಹೊಟ್ಟೆಯ ಮೇಲೆ ಬಳ್ಳಿಯೊಂದು ಸುತ್ತು ಹಾಕಿ ಹೊರಟಲ್ಲಿಗೇ ಸರಿಯಾಗಿ ಬಂದು ಸೇರಬೇಕು. ಆಮೇಲೆ ಕೊರೆತ, ಬೆಳ್ಳಿಯ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರದ ಲೇಪ. ಆಗ ಲೋಹ ಮಾತ್ರ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿತು. 2023ರಲ್ಲಿ ನಮ್ಮೂರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸಾಮಾನ್ಯಜ್ಞಾನ ಪರೀಕ್ಷೆಗೆ ನಾವು ಈ ಎರಡೂ ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ. ಅದೇ ಕೆಲಸ ಮಾಡುವ ಮನೆಯ ಹುಡುಗ ನಮ್ಮದೇ ಬೆಂಚಿನಲ್ಲಿ ಕೂತು, ತನಗೆ ಬರುವ ನಕಾಶೆಯನ್ನು ಯಾರಿಗೂ ತೋರಿಸದೆ, ಎರಡು ವರ್ಷ ಕಳೆದು ಹೋಗುತ್ತಾನೆ. ಅವನು ಬಿಡಿಸಿದ ಒಂದು ಬಳ್ಳಿ ಕಾರಿಡಾರಿನಲ್ಲಿ ಅವನ ಹೆಸರಿನೊಂದಿಗೆ ಇದ್ದರೆ ಅಪ್ಪನ ಕಸುಬನ್ನು ಹೇಳಿಕೊಳ್ಳಲು ಅವನಿಗೆ ಸಂಕೋಚವಾಗುತ್ತಿತ್ತೇ?

ಗೋಡೆ ಹೇಗಿರಬೇಕು ಎಂಬ ಬಗ್ಗೆ ನನ್ನದೊಂದು ಲೆಕ್ಕ ಇದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಒಂದು ಸಾಫ್ಟ್‌ಬೋರ್ಡಿನ ಮೇಲೆ ಎ3 ಅಳತೆಯ ಹಾಳೆಗಳನ್ನು ಉದ್ದುದ್ದವಾಗಿ, ನಡುವೆ ಉಸಿರಾಡಲು ಜಾಗ ಬಿಟ್ಟು ಹಚ್ಚಿದರೆ ಹತ್ತು ಹಿಡಿಸುತ್ತವೆ. ಹದಿನೈದು ತುರುಕಬಹುದು, ತುರುಕಬಾರದು; ಒಂದಕ್ಕೊಂದು ಒತ್ತಿಕೊಂಡ ಚಿತ್ರಗಳನ್ನು ಯಾರೂ ನಿಂತು ನೋಡುವುದಿಲ್ಲ. ಜುಲೈನಿಂದ ಜನವರಿವರೆಗೆ ತಿಂಗಳಿಗೊಮ್ಮೆ ಬದಲಿಸಿದರೆ ಒಂದೇ ಬೋರ್ಡಿನಲ್ಲಿ ವರ್ಷಕ್ಕೆ ಎಪ್ಪತ್ತು ಜನರ ಕೆಲಸ ಕಾಣುತ್ತದೆ. ಒಂದು ದಿನದ ಪ್ರದರ್ಶನದ ಮೂರು ಬಹುಮಾನ ಎಲ್ಲಿ, ಎಪ್ಪತ್ತು ಜನ ಎಲ್ಲಿ! ಬೋರ್ಡನ್ನು ನಮ್ಮ ನೋಟಿಸ್ ಬೋರ್ಡಿನ ಹಾಗೆ ಕತ್ತು ಎತ್ತಿ ನೋಡುವಷ್ಟು ಮೇಲೆ ಹೊಡೆಯಬಾರದು. ಅದರ ನಡುಭಾಗ ನೆಲದಿಂದ ಐದಡಿಗಿಂತ ತುಸು ಕೆಳಗಿದ್ದರೆ ನಿಂತವರ ಕಣ್ಣಿಗೆ ಸರಿಯಾಗುತ್ತದೆ. ಬಿಸಿಲು ನೇರ ಬೀಳುವ ಕಡೆ ಬೇಡ. ಸ್ಕೆಚ್‌ಪೆನ್ನಿನ ಬಣ್ಣ, ಅದರಲ್ಲೂ ಗುಲಾಬಿ ಮತ್ತು ನೇರಳೆ, ನಮ್ಮೂರಿನ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತವೆ. ಮೆಟ್ಟಿಲ ಪಕ್ಕದ ಗೋಡೆಗೆ ಬಿಸಿಲು ತಾಗುವುದಿಲ್ಲ, ಎಲ್ಲರೂ ದಿನಕ್ಕೆ ನಾಲ್ಕು ಸಲ ಅದರ ಮುಂದೆಯೇ ಹಾಯುತ್ತಾರೆ.

ಪ್ರತಿ ಚಿತ್ರದ ಕೆಳಗೆ ಒಂದು ಸಣ್ಣ ಚೀಟಿ ಇರಲಿ. ಹೆಸರು, ತರಗತಿ, ಯಾವುದರಲ್ಲಿ ಮಾಡಿದ್ದು, ಏನು ಮಾಡಲು ಹೊರಟಿದ್ದರು ಎಂದು ಒಂದೇ ವಾಕ್ಯ. ಕನ್ನಡದಲ್ಲಿ ಬರೆಯಲಿ, ಉರ್ದುವಿನಲ್ಲಿ ಬರೆಯಲಿ, ಮರಾಠಿ ಮನೆಯವರು ಮರಾಠಿಯಲ್ಲೇ ಬರೆಯಲಿ. ಫೋನಿನಲ್ಲಿ ನೋಡಿ ಬಿಡಿಸಿದ್ದಾದರೆ ಹಾಗೆಂದು ಬರೆಯಬೇಕು. ನೋಡಿ ಬಿಡಿಸುವುದು ತಪ್ಪಲ್ಲ, ಎಲ್ಲರೂ ಕಲಿಯುವುದು ಹಾಗೇ, ಹೇಳದಿರುವುದು ತಪ್ಪು. ಈಗ ಎರಡು ಸಾಲು ಟೈಪ್ ಮಾಡಿದರೆ ಫೋನೇ ಚಿತ್ರ ಮಾಡಿಕೊಡುತ್ತದೆ. ಅದಕ್ಕೊಂದು ಉಪಾಯವಿದೆ: ಮುಗಿದ ಚಿತ್ರದ ಪಕ್ಕದಲ್ಲಿ ಅದರ ಕಚ್ಚಾ ಹಾಳೆಯನ್ನೂ ಹಚ್ಚುವುದು. ಡಿಸೈನ್ ಕೆಲಸಕ್ಕಂತೂ ಇದು ಬೇಕೇ ಬೇಕು. ನಮ್ಮ ಕಾರ್ಯಕ್ರಮಗಳ ಆಮಂತ್ರಣ, ಎನ್ನೆಸ್ಸೆಸ್ ಶಿಬಿರದ ಬ್ಯಾನರ್, ಈ ವಾರ್ತಾಪತ್ರದ ಮುಖಪುಟ ಎಲ್ಲವೂ ಈಗ ತಯಾರಾಗುವುದು ಫ್ಲೆಕ್ಸ್ ಅಂಗಡಿಯಲ್ಲಿ, ಅಂಗಡಿಯವರ ಬಳಿ ಇರುವ ಅದದೇ ಹೂವಿನ ಅಂಚಿನೊಳಗೆ. ಅವನ್ನು ವಿದ್ಯಾರ್ಥಿಗಳು ಮಾಡಲಿ. ಮೊದಲು ಯೋಚಿಸಿದ ಮೂರು ನಮೂನೆ, ಬಿಟ್ಟಿದ್ದು ಯಾವುದು, ಆರಿಸಿದ್ದು ಯಾವುದು, ಯಾಕೆ ಎಂಬುದು ಗೋಡೆಯ ಮೇಲೆ ಕಾಣಲಿ.

ಆಕ್ಷೇಪಗಳು ಬರುತ್ತವೆ, ಗೊತ್ತು. ಜೀವಿಗಳ ಚಿತ್ರದ ಪ್ರಶ್ನೆ ನಮ್ಮಂಥ ಕಾಲೇಜಿನಲ್ಲಿ ಏಳುವುದು ಸಹಜ. ಈ ವಿಷಯದಲ್ಲಿ ಉಲೇಮಾಗಳಲ್ಲೇ ಬೇರೆಬೇರೆ ಅಭಿಪ್ರಾಯಗಳಿವೆ. ತೀರ್ಪು ಹೇಳಲು ನಾನು ಯಾರೂ ಅಲ್ಲ. ನನಗೆ ಗೊತ್ತಿರುವುದು ಇಷ್ಟು: ಬಿಡಿಸಲು ಮನಸ್ಸು ಒಪ್ಪದವರಿಗೆ ಅಕ್ಷರ, ಬಳ್ಳಿ, ಜ್ಯಾಮಿತಿ, ಕಟ್ಟಡ ಎಂದು ದೊಡ್ಡ ಲೋಕವೇ ಇದೆ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗೋರಿಯ ಒಳಗೋಡೆಯನ್ನು ನೋಡಿದವರಿಗೆ ಬರೀ ಅಕ್ಷರ ಮತ್ತು ಬಣ್ಣದಿಂದ ಏನೇನು ಮಾಡಬಹುದು ಎಂದು ವಿವರಿಸಬೇಕಿಲ್ಲ. ಅಲ್ಲಿಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಹೋಗುತ್ತಾರೆ. ಬಿಡಿಸುವವರಿಗೆ, ಅವರಲ್ಲಿ ನಮ್ಮ ಬೇರೆ ಧರ್ಮದ ಗೆಳೆಯರೂ ಇದ್ದಾರೆ, ಬೇಡ ಎನ್ನುವುದು ಸರಿಯಲ್ಲ. ಕಪ್ಪೆ, ಹೃದಯಗಳನ್ನು ಬಿಡಿಸದೆ ಬಯಾಲಜಿ ರೆಕಾರ್ಡಿಗೆ ಸಹಿ ಸಿಕ್ಕವರು ನಮ್ಮಲ್ಲಿ ಯಾರೂ ಇಲ್ಲವಲ್ಲ. ಯಾರ ಧರ್ಮವನ್ನೂ, ಯಾವ ವ್ಯಕ್ತಿಯನ್ನೂ ಗೇಲಿ ಮಾಡುವಂಥದ್ದು ಬೇಡ; ಅದನ್ನು ನಾಲ್ಕು ವಿದ್ಯಾರ್ಥಿಗಳು, ಒಬ್ಬ ಉಪನ್ಯಾಸಕರು ಕೂತು ಮೊದಲೇ ನೋಡಲಿ, ತೆಗೆದಿಟ್ಟರೆ ಯಾಕೆಂದು ಹೇಳಲಿ.

ಹುಡುಗಿಯರ ಮಾತು ಬೇರೆಯೇ ಇದೆ. ಮಗಳ ಫೋಟೊ ಫ್ಲೆಕ್ಸಿನಲ್ಲಿ, ಸ್ಟೇಟಸ್ಸಿನಲ್ಲಿ ಬರುವುದು ಎಷ್ಟೋ ಮನೆಗಳಿಗೆ ಇಷ್ಟವಿಲ್ಲ. ಟಾಪರ್ ಆದರೂ ಫೋಟೊ ಜಾಗದಲ್ಲಿ ಗುಲಾಬಿ ಹೂವಿನ ಚಿತ್ರ ಹಾಕಿಸಿಕೊಂಡವರಿದ್ದಾರೆ. ಕಾರಿಡಾರಿನ ಗೋಡೆಗೆ ಮುಖ ಬೇಕಿಲ್ಲ, ಕೆಲಸ ಸಾಕು. ಆದರೆ ಹೆಸರು ಇರಲಿ ಎಂಬುದು ನನ್ನ ಹಟ. ನಮ್ಮ ಮನೆಗಳಲ್ಲಿ ಅಮ್ಮಿ, ಖಾಲಾ, ನಾನಿ ಹಾಕಿದ ಕಸೂತಿ ದಿಂಬಿನ ಮೇಲಿದೆ, ದಸ್ತರ್‌ಖಾನಿನ ಅಂಚಿನಲ್ಲಿದೆ. ಬಂದವರು ಚೆನ್ನಾಗಿದೆ ಅನ್ನುತ್ತಾರೆ, ಮಾಡಿದವರು ಯಾರೆಂದು ಕೇಳುವುದಿಲ್ಲ. ಪೂರ್ತಿ ಹೆಸರು ಬೇಡವಾದರೆ ಮೊದಲ ಹೆಸರು ಮತ್ತು ಸೆಕ್ಷನ್ ಆದರೂ ಆಗಲಿ.

ಓದಿಗೆ ತೊಂದರೆ ಎನ್ನುವವರಿಗೂ ಒಂದು ಮಾತು. ಆರ್ಕಿಟೆಕ್ಚರ್ ಸೇರಲು ನಾಟಾ ಇದೆ. ಎನ್‌ಐಡಿಯ ಪ್ರವೇಶ ಪರೀಕ್ಷೆ, ಐಐಟಿಗಳ ಡಿಸೈನ್ ಕೋರ್ಸಿಗೆ ಯುಸೀಡ್ ಇವೆ. ಇವೆರಡನ್ನು ಸೈನ್ಸ್ ಮಾತ್ರವಲ್ಲ, ಕಾಮರ್ಸ್ ಮತ್ತು ಕಲಾ ವಿಭಾಗದವರೂ ಬರೆಯಬಹುದು. ದೃಶ್ಯಕಲೆಯ ಪದವಿಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಪಕ್ಕದ ಕಲಬುರಗಿಯಲ್ಲೇ ಕಲಿಯಬಹುದು. ಡಿಸೈನ್ ಪರೀಕ್ಷೆಗಳಿಗೆ ಅರ್ಜಿ ಹಾಕುವುದು ದ್ವಿತೀಯ ಪಿಯು ನಡೆಯುತ್ತಿರುವಾಗಲೇ, ಫಲಿತಾಂಶ ಬಂದ ಮೇಲಲ್ಲ. ನಮ್ಮಲ್ಲಿ ಬಹಳ ಜನ ಈ ಹೆಸರುಗಳನ್ನು ಕೇಳುವ ಹೊತ್ತಿಗೆ ದಿನ ದಾಟಿರುತ್ತದೆ, ಕೈಯೂ ಎರಡು ವರ್ಷದಿಂದ ಪೆನ್ಸಿಲ್ ಹಿಡಿದಿರುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಈ ಅರ್ಜಿಗಳ ಕೊನೆಯ ದಿನಾಂಕ ಬರೆದಿಟ್ಟರೆ ಅಷ್ಟೇ ಸಾಕು, ಬೇರೆ ಕರಿಯರ್ ಗೈಡೆನ್ಸ್ ಶಿಬಿರ ಬೇಡ.

ಮೆಟ್ಟಿಲ ಪಕ್ಕ ಗಾಜಿನ ಬಾಗಿಲಿನ ಒಂದು ಹಳೇ ಬೋರ್ಡ್ ಈಗಲೇ ಇದೆ. ಅದರೊಳಗೆ ಎರಡು ವರ್ಷದ ಹಿಂದಿನ ಶುಲ್ಕದ ಸುತ್ತೋಲೆ ಹಳದಿಯಾಗಿ ನೇತಾಡುತ್ತಿದೆ. ಮೊದಲ ತಿಂಗಳಿಗೆ ಹೊಸದಾಗಿ ಯಾರೂ ಏನೂ ಬಿಡಿಸಬೇಕಿಲ್ಲ. ರೆಕಾರ್ಡುಗಳಿಂದ ಹತ್ತು ಪುಟ ಆರಿಸಿ, ಮೂಲವನ್ನು ಅವರವರಿಗೆ ಕೊಟ್ಟು, ಕಲರ್ ಝೆರಾಕ್ಸ್ ಮಾಡಿಸಿ ಹಚ್ಚಿದರಾಯಿತು. ಮೈಟಾಸಿಸ್ ಬಿಡಿಸಿದವಳನ್ನು ಕೇಳಿದ್ದೇನೆ. ಹೆಸರು ಹಾಕಲು ಒಪ್ಪಿದ್ದಾಳೆ, ಸೆಕ್ಷನ್ ಬೇಡವಂತೆ. ಬೋರ್ಡಿನ ಕೀಲಿ ಆಫೀಸಿನಲ್ಲಿದೆ.