ಸುದ್ದಿಪತ್ರಕ್ಕೆ ಯಾವ ತಂತ್ರಾಂಶ?

ನೀವೆಲ್ಲ ಸೇರಿ ಎಂಟು ಪುಟಗಳ ಸಚಿತ್ರ ಸುದ್ದಿಪತ್ರವೊಂದನ್ನು ಹೊರತರಲಿರುವುದು ಸಂತೋಷದ ಸಂಗತಿ. ಪುಟವಿನ್ಯಾಸಕ್ಕೆ ಯಾವ ತಂತ್ರಾಂಶವೆಂಬ ಚರ್ಚೆಯಲ್ಲಿ ಎಲ್ಲರ ಮಾತೂ ಚಿತ್ರಗಳನ್ನು ಕುರಿತೇ ಇತ್ತು. ಅಕ್ಷರಗಳ ಗತಿಯೇನೆಂದು ಯಾರೂ ಕೇಳಲಿಲ್ಲವಾಗಿ ಈ ನಾಲ್ಕು ಮಾತು.

2003ರಲ್ಲಿ ನಾವು ತಂದ ಸ್ಮರಣ ಸಂಚಿಕೆಯ ಸಿ.ಡಿ. ನನ್ನ ಬಳಿ ಇದೆ. ಶಾಲೆಯ ಆರಂಭದ ದಿನಗಳನ್ನು ಕುರಿತು ನನ್ನ ಸಹೋದ್ಯೋಗಿಯೊಬ್ಬರು ಅದರಲ್ಲಿ ಬರೆದಿದ್ದರು. ಅವರು ಈಗಿಲ್ಲ. ಅವರ ಮಗಳು ಆ ಲೇಖನವನ್ನು ಕೇಳಿದಾಗ ಕಡತ ತೆರೆದು ನೋಡಿದರೆ ಕನ್ನಡವೇ ಇಲ್ಲ. ರೋಮನ್ ಅಕ್ಷರ, ಆವರಣ, ಪ್ರಶ್ನಾರ್ಥಕ ಚಿಹ್ನೆಗಳ ಜಾತ್ರೆ! ಆ ಕಾಲದ ಅನೇಕ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿದ್ದವು. ಫಾಂಟು ಹೋದರೆ ವೇಷ ಕಳಚಿತು. ಪರಿವರ್ತಕದ ನೆರವಿನಿಂದ ಬಹುಭಾಗವನ್ನು ಉಳಿಸಿಕೊಂಡೆ. ಅರ್ಕಾವತ್ತು, ಒತ್ತಕ್ಷರಗಳನ್ನು ಊಹಿಸಿ ತಿದ್ದಿದೆ. ಎರಡು ಕಡೆ ವ್ಯಕ್ತಿಗಳ ಹೆಸರು ಇಂದಿಗೂ ಬಗೆಹರಿದಿಲ್ಲ. ಯಾರನ್ನು ಕೇಳಲಿ?

ಆದ್ದರಿಂದ ಯೂನಿಕೋಡ್ ನನ್ನ ಮೊದಲ ಷರತ್ತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಪುಟವಿನ್ಯಾಸದ ತಂತ್ರಾಂಶಗಳು ನಮ್ಮ ಒತ್ತಕ್ಷರಗಳನ್ನು ಜೋಡಿಸಲು ಕಲಿತದ್ದು ಎಷ್ಟೋ ವರ್ಷಗಳ ನಂತರ. ಉಚಿತವಾಗಿ ದೊರೆಯುವ ಸ್ಕ್ರೈಬಸ್‌ನ 1.4 ಸರಣಿ ನಮಗೆ ಒದಗುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6 ಒದಗುತ್ತದೆ. ನನ್ನ ಮತ ಅದಕ್ಕೆ. ಪಠ್ಯಕ್ಕೊಂದು ಚೌಕಟ್ಟು, ಚಿತ್ರಕ್ಕೊಂದು ಚೌಕಟ್ಟು; ಇಟ್ಟದ್ದು ಇಟ್ಟಲ್ಲಿಯೇ ಇರುತ್ತದೆ. ಪತ್ರ ಬರೆಯುವ ತಂತ್ರಾಂಶಗಳಲ್ಲಿ ಒಂದು ಸಾಲು ಸೇರಿಸಿದರೆ ಚಿತ್ರ ಮುಂದಿನ ಪುಟಕ್ಕೆ ಜಿಗಿಯುವುದನ್ನು ನೀವೆಲ್ಲ ಕಂಡವರೇ.

ಇನ್‌ಡಿಸೈನ್ ಇನ್ನೂ ಸಮರ್ಥವಾದುದು, ಒಪ್ಪುತ್ತೇನೆ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬುದನ್ನು ಆರಿಸಿಕೊಳ್ಳಲು ಮರೆಯಬಾರದು. ಆದರೆ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ವರ್ಷಕ್ಕೆ ಎರಡು ಸಂಚಿಕೆ ತರುವ ನಮಗೆ ಅದು ಭಾರ. ಗಣಿತದ ಮೇಷ್ಟ್ರಾದ ನನಗೆ ಡೊನಾಲ್ಡ್ ಕ್ನೂತ್ ಅವರ ಟೆಕ್ ಮೇಲೆ ತುಸು ಹೆಚ್ಚೇ ಮೋಹ. ಸಮೀಕರಣಗಳಿಗೆ ಅದಕ್ಕೆ ಸಾಟಿಯಿಲ್ಲ. ಪುಟ ತುಂಬ ಗುಂಪುಚಿತ್ರಗಳಿರುವ ಪತ್ರಿಕೆಗೆ ನಾನೂ ಅದನ್ನು ಹೇಳಲಾರೆ.

ಚಿತ್ರಗಳ ವಿಷಯ ಒಂದೇ ಮಾತು. ಅಂಗುಲಕ್ಕೆ 300 ಬಿಂದುಗಳ ಮುದ್ರಣದಲ್ಲಿ ನಾಲ್ಕು ಅಂಗುಲ ಅಗಲದ ಚಿತ್ರಕ್ಕೆ 1200 ಬಿಂದು ಬೇಕು. ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ.

ಯಾವುದನ್ನೇ ಆರಿಸಿ, ಮೊದಲು ಒಂದು ಪುಟದಲ್ಲಿ ರಾಷ್ಟ್ರ, ಸ್ತ್ರೀ, ಅರ್ಘ್ಯ, ಕೈಂಕರ್ಯ, ಲಕ್ಷ್ಮಿ ಎಂಬ ಪದಗಳನ್ನು ಜೋಡಿಸಿ ಪಿ.ಡಿ.ಎಫ್. ಮಾಡಿ ನನಗೆ ಕಳುಹಿಸಿ. ಲೇಖನಗಳ ಯೂನಿಕೋಡ್ ಪಠ್ಯವನ್ನು ಬೇರೆಯಾಗಿಯೂ ತೆಗೆದಿಡಿ, ಪಿ.ಡಿ.ಎಫ್.ನಿಂದ ನಕಲು ಮಾಡಿದರೆ ಕನ್ನಡ ಕೆಲವೊಮ್ಮೆ ಕಲಸಿಹೋಗುತ್ತದೆ. ಕರಡು ತಿದ್ದಲು ನಾನಿದ್ದೇನೆ, ಕೆಂಪು ಶಾಯಿಯೂ ಇದೆ.